ಋಣವಿವೇಕ: ಸದ್ಗೃಹಸ್ಥನ ಸಾಲಕ್ಕೆ ಶರಣರ ಅಳತೆ

ಶ್ರಾವಣಮಾಸದ ಪ್ರವಚನವು ಮುಗಿದ ಒಂದು ಸಂಜೆ, ದೇವದುರ್ಗದ ಕಡೆಯ ಹಿರಿಯ ಭಕ್ತರೊಬ್ಬರು ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಿದರು: “ಕಾಯಕದಿಂದ ಬಂದುದನ್ನೇ ಉಣ್ಣಬೇಕೆಂದು ಶರಣರು ಸಾರಿದ್ದಾರೆ. ಹಾಗಾದರೆ ಸಾಲ ಮಾಡುವುದು ಧರ್ಮವೋ ಅಧರ್ಮವೋ? ನನ್ನ ಹೊಲಕ್ಕೆ ಟ್ರ್ಯಾಕ್ಟರು ಬೇಕಾಗಿದೆ. ಮಗಳ ಲಗ್ನ ಸಮೀಪಿಸಿದೆ. ರಾಯಚೂರಿನಲ್ಲಿ ಕೆಲಸಕ್ಕಿರುವ ಮಗನು ತನ್ನ ಕ್ರೆಡಿಟ್ ಕಾರ್ಡಿನಿಂದಲೇ ಎಲ್ಲವನ್ನೂ ನಿಭಾಯಿಸುವೆನೆನ್ನುತ್ತಾನೆ. ನಾನು ಒಪ್ಪಲೋ ಬೇಡವೋ ತಿಳಿಯದಾಗಿದೆ.” ಸಭೆಯಲ್ಲಿ ಯಾರೂ ನಗಲಿಲ್ಲ. ಎಲ್ಲರ ಮನೆಯಲ್ಲಿಯೂ ಇರುವ ಪ್ರಶ್ನೆಯನ್ನು ಅವರೊಬ್ಬರು ಬಾಯಿಬಿಟ್ಟು ಕೇಳಿದ್ದರು, ಅಷ್ಟೆ.

ಅಂದು ಕೊಟ್ಟ ಉತ್ತರವು ಚಿಕ್ಕದು. ಅದನ್ನು ಬಿಡಿಸಿ ಬರೆಯಬೇಕೆಂದು ಅನೇಕರು ಕೇಳಿದ್ದರಿಂದ ಈ ಪಾಠವನ್ನು ಬರೆಯಲಾಗಿದೆ. ಶರಣಧರ್ಮವು ಸಂಸಾರವನ್ನು ಬಿಟ್ಟು ಓಡುವವರ ಧರ್ಮವಲ್ಲ. ಒಕ್ಕಲುತನ, ನೇಯ್ಗೆ, ವ್ಯಾಪಾರ, ಅಂಬಿಗತನ ಮುಂತಾದ ನಾನಾ ಕಾಯಕಗಳನ್ನು ಮಾಡುತ್ತ ಹೆಂಡತಿ ಮಕ್ಕಳೊಡನೆ ಬಾಳಿದವರೇ ಕಲ್ಯಾಣದ ಶರಣರಲ್ಲಿ ಬಹುಮಂದಿ. ಆದುದರಿಂದ ಮನೆಯ ಆಯವ್ಯಯದ ಮಾತು ಧರ್ಮದ ಹೊರಗಿನ ಮಾತೆಂದು ಯಾರೂ ತಿಳಿಯಬಾರದು.

೧. ಅಮರೇಶ್ವರದ ದಂಪತಿಗಳು

ಈ ವಿಷಯದಲ್ಲಿ ನಮಗೆ ಗುರುವಾಗಬಲ್ಲವರು ನಮ್ಮ ಜಿಲ್ಲೆಯವರೇ ಆಗಿರುವುದು ನಮ್ಮ ಭಾಗ್ಯ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪರಂಪರೆಯು ಹೇಳುತ್ತದೆ. ಮಾರಯ್ಯನವರ ವಚನಗಳ ಅಂಕಿತವೂ ಅಮರೇಶ್ವರಲಿಂಗವೇ ಆಗಿದೆ. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹವನ್ನು ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಮನೆಯಲ್ಲಿ ಧಾನ್ಯ ಹೆಚ್ಚಾದರೆ ಹೆಂಡತಿಗೆ ಹಿಗ್ಗಾಗುವುದು ಲೋಕರೂಢಿ. ಲಕ್ಕಮ್ಮನವರಾದರೋ ಆ ಅಕ್ಕಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಇಂದಿನ ಅಗತ್ಯಕ್ಕೆ ಮೀರಿದ್ದು ನಮ್ಮದಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರಿ ಎಂದು ಗಂಡನನ್ನು ಹಿಂದಿರುಗಿಸಿದರು. ಅವರ ಮಾತಿನ ತಾತ್ಪರ್ಯವಿಷ್ಟೆ: ಬಡತನವು ಮನೆಗೆ ಬರಬಹುದು, ಮನಸ್ಸಿಗೆ ಬರಬಾರದು, ಆಸೆಯು ಮನಸ್ಸನ್ನು ಹೊಕ್ಕರೆ ಕಣಜ ತುಂಬಿದ ಮನೆಯೂ ಬಡಮನೆಯೇ.

ಈ ಕಥೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಆ ಮನೆಯಲ್ಲಿ ಅಳತೆಯೊಂದಿತ್ತು. ಇಷ್ಟು ಬೇಕು, ಇದಕ್ಕೆ ಮೀರಿದ್ದು ಬೇಡ ಎಂಬ ಗೆರೆಯಿತ್ತು. ಎರಡನೆಯದು, ಆ ಅಳತೆಯ ಲೆಕ್ಕ ಹೆಂಡತಿಗೂ ತಿಳಿದಿತ್ತು. ಗಂಡನೊಬ್ಬನ ಜೇಬಿನಲ್ಲಿ ಮುಚ್ಚಿಟ್ಟ ಲೆಕ್ಕವಾಗಿರಲಿಲ್ಲ. ಮೂರನೆಯದು, ತಪ್ಪು ಕಂಡ ದಿನವೇ ತಿದ್ದಲಾಯಿತು. ನಾಳೆಗೆ ನೋಡೋಣವೆಂದು ಮುಂದೂಡಲಿಲ್ಲ. ನಮ್ಮ ಮನೆಗಳಲ್ಲಿ ಸಾಲವು ಬೆಟ್ಟವಾಗಿ ಬೆಳೆಯುವುದು ಈ ಮೂರರಲ್ಲಿ ಒಂದು ತಪ್ಪಿದಾಗಲೇ. ಅಳತೆಯಿಲ್ಲದೆ ತಂದದ್ದು, ಮನೆಯವರಿಗೆ ಹೇಳದೆ ತಂದದ್ದು, ತಿಳಿದೂ ಮುಂದೂಡಿದ್ದು. ಇವೇ ಸಾಲದ ಬೇರುಗಳು.

ಅಪ್ಪ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದು ಸರ್ವವಿದಿತ. ಅವರು ಅರಸನ ಧನವನ್ನು ಜಂಗಮರಿಗೆ ವ್ಯಯಮಾಡುತ್ತಿದ್ದಾರೆಂದು ಚಾಡಿ ಹೇಳಿದವರಿದ್ದರು. ಭಂಡಾರವನ್ನು ಎಣಿಸಿ ನೋಡಿದಾಗ ಲೆಕ್ಕವು ಸರಿಯಾಗಿಯೇ ಇತ್ತೆಂದು ಪುರಾಣಗಳು ಸಾರುತ್ತವೆ. ಪರರ ಧನವು ಕೈಯಲ್ಲಿರುವಾಗ ಭಕ್ತನಾದವನು ಹೇಗಿರಬೇಕೆಂಬುದಕ್ಕೆ ಇದು ಮಾದರಿ. ಸಾಲದ ಹಣವು ಪರರ ಹಣ. ಅದು ನಮ್ಮ ಪೆಟ್ಟಿಗೆಗೆ ಬಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ; ತೀರಿಸುವವರೆಗೆ ನಾವು ಅದರ ಭಂಡಾರಿಗಳು ಮಾತ್ರ. ದಾರಿಯಲ್ಲಿ ಬಿದ್ದ ಒಡವೆಗೂ ಕೈ ಚಾಚದ ವ್ರತವನ್ನು ಹಿಡಿದ ಸತ್ಯಕ್ಕನವರನ್ನು ನೆನೆದರೆ, ಕೈಸಾಲವನ್ನು ಇಸಕೊಂಡು ಮರೆಯುವವರು ತಲೆ ತಗ್ಗಿಸಬೇಕಾಗುವುದು.

೨. ದೋಆಬದ ಹಳೆಯ ನೆನಪು

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡು ಸಾಲದ ರುಚಿಯನ್ನು ತಲೆಮಾರುಗಳಿಂದ ಬಲ್ಲದು. 1948ರವರೆಗೆ ನಾವು ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿದ್ದೆವು. ಮಳೆ ಬಾರದ ವರ್ಷ ಬೀಜಕ್ಕೂ ಹೊಟ್ಟೆಗೂ ಸಾಹುಕಾರನ ಮನೆಯೇ ಗತಿ. ನೂರಕ್ಕೆ ತಿಂಗಳಿಗೆ ಎರಡು, ಮೂರು ರೂಪಾಯಿ ಬಡ್ಡಿ. ಸುಗ್ಗಿಯಲ್ಲಿ ಬೆಳೆಯು ಕಣದಿಂದಲೇ ಅವನ ಮನೆಗೆ. ಹೊಲವು ಒಮ್ಮೆ ಅಡವಿಗೆ ಬಿದ್ದರೆ ಅದನ್ನು ಬಿಡಿಸಿಕೊಂಡವರು ವಿರಳ. “ಮೂರು ರೂಪಾಯಿ ಬಡ್ಡಿ” ಎಂದರೆ ನಮ್ಮ ಮುತ್ತೈದೆಯರು ಕೈಯಲ್ಲಿರುವ ಬಳೆಯನ್ನು ಮುಟ್ಟಿಕೊಳ್ಳುತ್ತಿದ್ದರು. ಆ ಭಯವು ಅಜ್ಞಾನದ ಭಯವಲ್ಲ, ಅನುಭವದ ಭಯ.

ಈ ಸಂಕಟಕ್ಕೆ ಮದ್ದಾಗಿಯೇ ಸಹಕಾರ ಚಳವಳಿಯು ಹುಟ್ಟಿತು. 1904ರ ಕಾನೂನಿನ ಮರುವರ್ಷ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಒಬ್ಬನ ಉಳಿತಾಯವು ಇನ್ನೊಬ್ಬನ ಕಷ್ಟಕ್ಕೆ ಆಗುವಂತೆ ಮಾಡುವ ಈ ಏರ್ಪಾಡಿನಲ್ಲಿ ದಾಸೋಹತತ್ತ್ವದ ಛಾಯೆಯನ್ನು ಕಾಣಬಹುದು. ಮುಂದೆ 1956ರಲ್ಲಿ ಕನ್ನಡ ನಾಡು ಒಂದಾಯಿತು. 1969ರಲ್ಲಿ 14 ದೊಡ್ಡ ಬ್ಯಾಂಕುಗಳು ರಾಷ್ಟ್ರದ ಸೊತ್ತಾದವು. 1976ರಲ್ಲಿ ಬಳ್ಳಾರಿಯನ್ನು ಕೇಂದ್ರವಾಗುಳ್ಳ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಅದೇ ವರ್ಷದ ಕರ್ನಾಟಕ ಋಣಪರಿಹಾರ ಕಾನೂನು ಬಡವರನ್ನು ಹಳೆಯ ಸಾಲಗಳಿಂದ ಬಿಡಿಸಿತು. ಮಾನ್ವಿಗೆ ತುಂಗಭದ್ರಾ ಎಡದಂಡೆಯ ಕಾಲುವೆಯ ನೀರೂ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯ ಕಾಲುವೆಯ ನೀರೂ ಬಂದವು. ನೀರು ಬಂದಲ್ಲಿ ಬೆಳೆ ಬಂದಿತು, ಬೆಳೆ ಬಂದಲ್ಲಿ ಬಯಕೆಯೂ ಬಂದಿತು, ಬಯಕೆಯ ಬೆನ್ನಿಗೆ ಹೊಸ ಬಗೆಯ ಸಾಲವೂ ಬಂದಿತು.

೩. ಅಂಗೈಯಗಲದ ಸಾಹುಕಾರ

ಇಂದು ರಾಯಚೂರಿನ ತೀನ್ ಕಂದಿಲಿನ ಸುತ್ತಮುತ್ತಲಿನ ಅಂಗಡಿಗಳಲ್ಲಿ ಬಟ್ಟೆ, ಬಂಗಾರ, ಶೀತಪೆಟ್ಟಿಗೆ, ದೂರವಾಣಿ ಏನನ್ನು ಕೊಳ್ಳಹೋದರೂ ನಗದು ಕೊಡುವವರಿಗಿಂತ ಕಾರ್ಡು ಚಾಚುವ ತರುಣರು ಕಾಣುತ್ತಾರೆ. ಈ ಕಾರ್ಡು ತನ್ನಷ್ಟಕ್ಕೆ ಪಾಪದ ವಸ್ತುವಲ್ಲ. ಇಂದು ಕೊಂಡುದಕ್ಕೆ ಮುಂದಿನ ಬಿಲ್ಲಿನ ಗಡುವಿನೊಳಗೆ ಪೂರ್ಣ ಹಣವನ್ನು ಕಟ್ಟಿದವನಿಗೆ ಸುಮಾರು 45 ದಿನಗಳವರೆಗೆ ಬಡ್ಡಿಯೇ ಇರುವುದಿಲ್ಲ. ಹಾಗೆ ಕಟ್ಟುವ ಶಿಸ್ತುಳ್ಳವನಿಗೆ ಅದೊಂದು ಅನುಕೂಲದ ಚೀಲ. ಆದರೆ ಬಿಲ್ಲಿನ ಒಂದು ಭಾಗವನ್ನಷ್ಟೇ ಕಟ್ಟಿ ಉಳಿದುದನ್ನು ಮುಂದೂಡಿದ ದಿನದಿಂದ ಆ ಚೀಲವು ಬಾಯ್ದೆರೆಯುತ್ತದೆ. ತಿಂಗಳಿಗೆ ನೂರಕ್ಕೆ ಮೂರರಿಂದ ಮೂರು ಮುಕ್ಕಾಲು ರೂಪಾಯಿಯವರೆಗೆ ಬಡ್ಡಿಯನ್ನು ಹಾಕುವ ಕಾರ್ಡುಗಳು ಸಾಮಾನ್ಯ. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ತೆರಿಗೆಯು ಬೇರೆ. ನಗದನ್ನು ಎಳೆದರಂತೂ ಅದೇ ದಿನದಿಂದ ಬಡ್ಡಿ.

ನಮ್ಮ ಅಜ್ಜಿಯರು ಹೆದರಿದ ಮೂರು ರೂಪಾಯಿ ಬಡ್ಡಿಯು ಇದೇ ಅಲ್ಲವೆ? ಸಾಹುಕಾರನ ಕಟ್ಟೆಗೆ ಹೋಗುವಾಗ ತಲೆ ತಗ್ಗಿಸಬೇಕಾಗಿತ್ತು. ಆ ನಾಚಿಕೆಯೇ ಒಂದು ಬೇಲಿಯಾಗಿತ್ತು. ಈಗಿನ ಕಾರ್ಡು ನುಣುಪಾಗಿದೆ, ಹೊಳೆಯುತ್ತದೆ, ತೋರಿಸಿದವನಿಗೆ ಮರ್ಯಾದೆ ಸಿಕ್ಕುತ್ತದೆ. ಬೇಲಿಯು ಮಾಯವಾಗಿದೆ, ಬಡ್ಡಿಯು ಹಾಗೆಯೇ ಉಳಿದಿದೆ.

ಒಂದು ಲೆಕ್ಕವನ್ನು ಮಾಡೋಣ. ಲಗ್ನದ ಜವಳಿಗೆಂದು ತರುಣನೊಬ್ಬನು ಕಾರ್ಡಿನ ಮೇಲೆ 50,000 ರೂಪಾಯಿಗಳನ್ನು ಉಜ್ಜಿದನೆಂದು ಭಾವಿಸಿರಿ. ಬಡ್ಡಿಯು ತಿಂಗಳಿಗೆ ಮೂರೂವರೆ ಇರಲಿ. ಒಂದು ತಿಂಗಳ ಬಡ್ಡಿ 1,750. ಅದರ ಮೇಲಿನ ತೆರಿಗೆ 315. ಒಟ್ಟು 2,065 ರೂಪಾಯಿ. ಬಿಲ್ಲಿನಲ್ಲಿ “ಕನಿಷ್ಠ ಪಾವತಿ” ಎಂದು ಒಂದು ಸಾಲು ಇರುತ್ತದೆ. ಅದರ ಎಣಿಕೆಯು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಇಲ್ಲಿ ಬಾಕಿಯ ನೂರಕ್ಕೆ ಐದು, ಅಂದರೆ 2,500 ರೂಪಾಯಿ ಎಂದಿಟ್ಟುಕೊಳ್ಳೋಣ. ಅಷ್ಟನ್ನು ಕಟ್ಟಿದ ತರುಣನು ತನ್ನ ಕರ್ತವ್ಯ ತೀರಿತೆಂದು ನಿಶ್ಚಿಂತನಾಗುತ್ತಾನೆ. ಆದರೆ ಅವನ ಅಸಲಿನಲ್ಲಿ ಕರಗಿದ್ದು 435 ರೂಪಾಯಿ ಮಾತ್ರ. ಒಂದು ತಿಂಗಳ ದುಡಿಮೆಯಲ್ಲಿ ಎರಡೂವರೆ ಸಾವಿರವನ್ನು ತೆತ್ತು, ಸಾಲದ ಗುಡ್ಡದಿಂದ ಒಂದು ಬುಟ್ಟಿ ಮಣ್ಣನ್ನು ಹೊತ್ತಂತಾಯಿತು.

ಅದೇ 50,000 ರೂಪಾಯಿಗಳನ್ನು ಬ್ಯಾಂಕಿನಿಂದಲೋ ಸಹಕಾರ ಸಂಘದಿಂದಲೋ ವರ್ಷಕ್ಕೆ ನೂರಕ್ಕೆ 12ರಂತೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಬೀಳುವಂತೆ, ಹನ್ನೆರಡು ತಿಂಗಳಿಗೆ ತಂದಿದ್ದರೆ ತಿಂಗಳ ಕಂತು ಸುಮಾರು 4,442 ರೂಪಾಯಿ. ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 3,300. ಅದೇ 4,442 ರೂಪಾಯಿಗಳನ್ನು ಅವನು ತಿಂಗಳು ತಿಂಗಳು ಕಾರ್ಡಿಗೆ ಕಟ್ಟುತ್ತ ಹೋದರೆ, ಸಾಲ ತೀರುವುದಕ್ಕೆ ಹದಿನಾರನೆಯ ತಿಂಗಳು ಬರುತ್ತದೆ; ಬಡ್ಡಿ ತೆರಿಗೆಗಳೆರಡೂ ಕೂಡಿ 18,000ಕ್ಕೂ ಮಿಗಿಲಾಗುತ್ತವೆ. ವಸ್ತು ಒಂದೇ, ಸಾಲ ಒಂದೇ, ಕಂತೂ ಒಂದೇ. ಬಾಗಿಲು ಮಾತ್ರ ಬೇರೆ. ಯಾವ ಬಾಗಿಲಿನಲ್ಲಿ ಸಾಲವು ಮನೆಯೊಳಗೆ ಬಂದಿತೆಂಬುದೇ ಇಷ್ಟು ಅಂತರವನ್ನು ಮಾಡುತ್ತದೆ.

ಕಾನೂನು ನಮ್ಮನ್ನು ಈ ಬಡ್ಡಿಯಿಂದ ಕಾಪಾಡುವುದೆಂದು ನೆಚ್ಚಬೇಡಿರಿ. ಕಾರ್ಡಿನ ಬಡ್ಡಿಯು ವರ್ಷಕ್ಕೆ ನೂರಕ್ಕೆ 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿತು. ಅಂತೆಯೇ ಅಂಗಡಿಗಳಲ್ಲಿ ತೂಗುಹಾಕುವ “ಬಡ್ಡಿಯಿಲ್ಲದ ಕಂತು” ಎಂಬ ಫಲಕವನ್ನೂ ನಂಬಬೇಡಿರಿ. ಸೊನ್ನೆ ಬಡ್ಡಿಯೆಂಬುದು ಇಲ್ಲವೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಎಚ್ಚರಿಸಿದೆ. ನಗದಿಗೆ ಸಿಗಬಹುದಾಗಿದ್ದ ರಿಯಾಯಿತಿಯನ್ನು ತಡೆಹಿಡಿದೋ, ಕಾಗದಪತ್ರದ ಶುಲ್ಕವೆಂದೋ ಬಡ್ಡಿಯು ಬೇರೆ ವೇಷದಲ್ಲಿ ಬಂದೇ ಬರುತ್ತದೆ.

೪. ಯಾವ ಸಾಲ ಸಲ್ಲುವುದು?

ಹಾಗಾದರೆ ಸಾಲವೆಲ್ಲವೂ ತ್ಯಾಜ್ಯವೆ? ಅಲ್ಲ. ಒಕ್ಕಲಿಗನು ಬಾವಿ ತೋಡಿಸಬೇಕು, ನೇಕಾರನು ಮಗ್ಗ ಕೊಳ್ಳಬೇಕು, ಬಾಡಿಗೆ ಮನೆಯಲ್ಲಿರುವವನು ಸೂರು ಕಟ್ಟಬೇಕು. ಕೈಯಲ್ಲಿ ಇಡಿಗಂಟು ಕೂಡುವವರೆಗೆ ಕಾಯುತ್ತ ಕುಳಿತರೆ ಆಯುಷ್ಯವೇ ಕಳೆದೀತು. ನಾಳಿನ ಕಾಯಕದ ಫಲವನ್ನು ನಂಬಿ ಇಂದು ಕಾಯಕದ ಸಾಧನವನ್ನು ತರುವುದು ಅಧರ್ಮವಲ್ಲ. ಆದರೆ ಅಂತಹ ಸಾಲವನ್ನು ಲಕ್ಕಮ್ಮನವರ ಮೊರದಲ್ಲಿಟ್ಟು ಕೇರಿ ನೋಡಬೇಕು. ಆ ಮೊರಕ್ಕೆ ನಾಲ್ಕು ಪ್ರಶ್ನೆಗಳು.

ಒಂದು: ಕೊಳ್ಳುವ ವಸ್ತು ಸಾಲಕ್ಕಿಂತ ಹೆಚ್ಚು ಕಾಲ ಬಾಳುವುದೆ? ಮನೆಯು ಸಾಲ ತೀರಿದ ಮೇಲೂ ನಿಲ್ಲುತ್ತದೆ. ಲಗ್ನದ ಚಪ್ಪರವು ಮೂರು ದಿನಕ್ಕೆ ಇಳಿಯುತ್ತದೆ, ಅದರ ಕಂತು ಮೂರು ವರ್ಷ ನಡೆಯುತ್ತದೆ.

ಎರಡು: ಅದು ಗಳಿಸುವುದೆ, ಇಲ್ಲವೆ ಖರ್ಚನ್ನು ಉಳಿಸುವುದೆ? ನಾಲ್ಕು ಎಕರೆಯ ಹಿಡುವಳಿಯವನು ಟ್ರ್ಯಾಕ್ಟರನ್ನು ಕೊಂಡರೆ ಅದು ವರ್ಷದ ಬಹುಭಾಗ ಅಂಗಳದಲ್ಲಿಯೇ ನಿಂತಿರುತ್ತದೆ. ಬಡ್ಡಿಯಾದರೋ ಒಂದು ದಿನವೂ ನಿಲ್ಲುವುದಿಲ್ಲ. ಅಂತಹವನಿಗೆ ಬಾಡಿಗೆಯ ಟ್ರ್ಯಾಕ್ಟರೇ ಲೇಸು. ರಾಜ್ಯ ಸರಕಾರವು 2014-15ರಿಂದ ಹೋಬಳಿಗಳಲ್ಲಿ ತೆರೆದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೂ ಇದೇ. ತನ್ನ ಹೊಲದ ಕೆಲಸವಲ್ಲದೆ ನೆರೆಯ ಹೊಲಗಳ ಬಾಡಿಗೆಯೂ ಖಾತ್ರಿಯಾಗಿದ್ದರೆ ಮಾತ್ರ ಕೊಳ್ಳುವ ವಿಚಾರವನ್ನು ಮಾಡಬಹುದು.

ಮೂರು: ಕೆಟ್ಟ ವರ್ಷದಲ್ಲಿಯೂ ಕಂತು ಕಟ್ಟಬಹುದೆ? ಒಳ್ಳೆಯ ವರ್ಷದ ಆದಾಯವನ್ನು ಹಿಡಿದು ಲೆಕ್ಕ ಮಾಡುವುದು ನಮ್ಮ ಕಡೆಯ ದೊಡ್ಡ ದೋಷ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟು ಸರಪಳಿ ಹರಿದು ಕೊಚ್ಚಿಹೋದುದು ನೆನಪಿರಲಿ. ತಾತ್ಕಾಲಿಕ ಗೇಟನ್ನು ಇಳಿಸುವವರೆಗಿನ ಆ ವಾರದಲ್ಲಿ ಹೊಳೆಗೆ ಹರಿದುಹೋಗುವ ನೀರನ್ನು ಕಂಡು ಮಾನ್ವಿಯ ಗದ್ದೆಗಳ ಎಷ್ಟು ಒಡೆಯರ ನಿದ್ರೆ ಕೆಟ್ಟಿತು! ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ಗೇಟು ಗಟ್ಟಿಯಾಗಿದ್ದ ವರ್ಷವೂ ನೀರು ಮುಟ್ಟುವುದು ನಿಶ್ಚಯವಿಲ್ಲ. ಆದುದರಿಂದ ಎರಡು ಬೆಳೆಯ ಆದಾಯವನ್ನು ನಂಬಿ ಸಾಲ ಮಾಡಬಾರದು. ಒಂದೇ ಬೆಳೆ ಬಂದರೂ ತೀರುವಷ್ಟು ಮಾತ್ರ ಮಾಡಬೇಕು. ಮನೆಯ ಎಲ್ಲ ಕಂತುಗಳೂ ಕೂಡಿ ನಿಜವಾದ ಆದಾಯದ ಮೂರನೆಯ ಒಂದು ಪಾಲನ್ನು ಮೀರದಿರುವುದು ಕ್ಷೇಮ. ಕಿರುಸಾಲದ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದ ಮೇರೆಯು ಅರ್ಧ ಆದಾಯ. ಅದು ದಾಟಬಾರದ ಗೋಡೆಯೇ ಹೊರತು ಮುಟ್ಟಬೇಕಾದ ಗುರಿಯಲ್ಲ.

ನಾಲ್ಕು: ಈ ಸಾಲವು ಮನೆಯವರೆಲ್ಲರಿಗೂ ತಿಳಿದಿದೆಯೆ? ಹೆಂಡತಿಗೆ ಹೇಳಲು ಸಂಕೋಚವಾಗುವ ಸಾಲವು ಮಾಡಬಾರದ ಸಾಲವೆಂದು ನಿಸ್ಸಂಶಯವಾಗಿ ತಿಳಿಯಿರಿ. ಲಕ್ಕಮ್ಮನವರಿಗೆ ಮಾರಯ್ಯನವರ ಸೆರಗಿನ ಅಕ್ಕಿ ಕಾಣದಿದ್ದರೆ ಆ ದಿನದ ತಪ್ಪನ್ನು ತಿದ್ದುವವರು ಯಾರಿದ್ದರು?

೫. ಸಾಲ ತರುವ ರೀತಿ

ಈ ನಾಲ್ಕು ಪ್ರಶ್ನೆಗಳಲ್ಲಿ ತೇರ್ಗಡೆಯಾದ ಸಾಲವನ್ನೂ ತರುವ ರೀತಿಯೊಂದುಂಟು. ಬೆಲೆಯ ಒಂದು ಭಾಗವನ್ನು ಸ್ವಂತ ದುಡಿಮೆಯಿಂದ ಮೊದಲೇ ಕೂಡಿಸಿಟ್ಟಿರಬೇಕು. ವರ್ಷವಿಡೀ ತಿಂಗಳ ಕಂತಿನಷ್ಟು ಹಣವನ್ನು ಎತ್ತಿಟ್ಟು ನೋಡುವುದು ಉತ್ತಮ ಪರೀಕ್ಷೆ. ಎತ್ತಿಡಲಾಗದಿದ್ದರೆ ನಾಳೆ ಕಂತನ್ನೂ ಕಟ್ಟಲಾಗದೆಂಬುದು ಸಿದ್ಧವಾಯಿತು. ಎತ್ತಿಟ್ಟರೆ ಸಾಲದ ಮೊತ್ತವೇ ಇಳಿಯಿತು. ಎರಡು ಬಗೆಯಲ್ಲಿಯೂ ಲಾಭವೇ.

ಬಡ್ಡಿಯ ಮಾತಿನಲ್ಲಿ ಮೋಸಹೋಗದಿರಬೇಕು. ಟ್ರ್ಯಾಕ್ಟರಿಗೆ 6 ಲಕ್ಷ ಸಾಲ, ಬಡ್ಡಿ “ನೂರಕ್ಕೆ ಒಂಬತ್ತೇ” ಎಂದು ಒಬ್ಬ ದಲ್ಲಾಳಿಯು ಹೇಳುತ್ತಾನೆನ್ನಿ. ಐದು ವರ್ಷವೂ ಮೂಲ ಅಸಲಿನ ಮೇಲೆಯೇ ಬಡ್ಡಿ ಹಾಕುವ ಲೆಕ್ಕವಾದರೆ ಬಡ್ಡಿಯು 2,70,000. ತಿಂಗಳ ಕಂತು 14,500. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಲೆಕ್ಕವಾದರೆ ಕಂತು ಸುಮಾರು 12,455. ಬಡ್ಡಿಯು 1,47,000ದ ಆಸುಪಾಸು. ಹೇಳಿಕೆಯಲ್ಲಿ ಎರಡೂ “ಒಂಬತ್ತು”; ಮೊದಲನೆಯದು ನಿಜದಲ್ಲಿ ಹದಿನೈದೂವರೆಯನ್ನೂ ದಾಟುತ್ತದೆ. ಈ ಗೊಂದಲವನ್ನು ತೊಲಗಿಸಲೆಂದೇ 2024ರ ಅಕ್ಟೋಬರ್ 1ರಿಂದ, ಸಾಲ ಕೊಡುವವರು ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಅದನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಮನೆಗೆ ತಂದು, ಓದು ಬಲ್ಲ ಮಗಳಿಂದಲೋ ಮಗನಿಂದಲೋ ಓದಿಸಿ ಕೇಳಿ, ಮರುದಿನ ಸಹಿ ಮಾಡಿರಿ. ಇಂದೇ ಸಹಿಯಾಗಬೇಕೆಂದು ಅವಸರಿಸುವವನ ಸಾಲವು ನಾಳೆಗೂ ಬೇಡ.

ಕಂತಿನ ಕಾಲವನ್ನು ಕಾಯಕದ ಕಾಲಕ್ಕೆ ಹೊಂದಿಸಿಕೊಳ್ಳಬೇಕು. ಸಂಬಳದವನಿಗೆ ತಿಂಗಳ ಕಂತು ಸರಿ. ಹತ್ತಿ ಬೆಳೆಯುವವನಿಗೆ ಹಣವು ಬರುವುದು ರಾಜೇಂದ್ರ ಗಂಜಿನಲ್ಲಿ ಹತ್ತಿ ಮಾರಿದ ಮೇಲೆ. ಭತ್ತದವನಿಗೆ ಒಕ್ಕಣೆಯಾದ ಮೇಲೆ. ಅವನು ತಿಂಗಳ ಕಂತಿಗೆ ಒಪ್ಪಿದರೆ ಆಷಾಢದ ಕಂತಿಗೆ ಕೈಸಾಲ ಮಾಡಬೇಕಾಗುತ್ತದೆ. ಕೃಷಿಸಾಲಕ್ಕೆ ಸುಗ್ಗಿಯನ್ನು ಅನುಸರಿಸಿ ಆರು ತಿಂಗಳ ಅಥವಾ ವರ್ಷದ ಕಂತುಗಳನ್ನು ಗೊತ್ತುಪಡಿಸುವ ಪದ್ಧತಿಯು ಬ್ಯಾಂಕುಗಳಲ್ಲಿದೆ; ಕೇಳುವವರು ಕೇಳಬೇಕು.

ಇಲ್ಲಿ ಒಂದು ಹೆಸರಿನ ಗೊಂದಲವನ್ನು ಬಿಡಿಸಬೇಕು. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡು ಬೇರೆ, ಅಂಗಡಿಯಲ್ಲಿ ಉಜ್ಜುವ ಕ್ರೆಡಿಟ್ ಕಾರ್ಡು ಬೇರೆ. ಮೊದಲನೆಯದು ಬೆಳೆಸಾಲ, ಕೇಂದ್ರ ಸರಕಾರದ ಸಹಾಯಧನದಿಂದ, ಸಕಾಲಕ್ಕೆ ತೀರಿಸಿದವನಿಗೆ ಅದರ ಬಡ್ಡಿಯು ವರ್ಷಕ್ಕೆ ನೂರಕ್ಕೆ ನಾಲ್ಕಕ್ಕೆ ಇಳಿಯುತ್ತದೆ. ಸಹಕಾರ ಸಂಘಗಳ ಮೂಲಕ ಬಡ್ಡಿಯಿಲ್ಲದೆ ಕೊಡುವ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರವು 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಮಧ್ಯಮ ಮತ್ತು ದೀರ್ಘಾವಧಿಯ ಸಾಲಕ್ಕೆ ನೂರಕ್ಕೆ 3ರ ಬಡ್ಡಿಯಲ್ಲಿ 15 ಲಕ್ಷದವರೆಗೆ ಅವಕಾಶವಿತ್ತಿತು. ಈ ಸೌಲಭ್ಯಗಳೆಲ್ಲವೂ ಗಡುವಿಗೆ ಕಟ್ಟಿದವರಿಗೆ ಮಾತ್ರ. ತಿಂಗಳಿಗೆ ಮೂರೂವರೆಯ ಸಾಲ ಒಂದು ಕಡೆ, ವರ್ಷಕ್ಕೆ ಮೂರು ನಾಲ್ಕರ ಸಾಲ ಇನ್ನೊಂದು ಕಡೆ ಇರುವಾಗ, ಕಾಗದಪತ್ರಗಳ ಓಡಾಟಕ್ಕೆ ಬೇಸತ್ತು ಮೊದಲನೆಯದರ ಬಾಗಿಲಿಗೆ ಹೋಗುವವನನ್ನು ಸೋಮಾರಿಯೆನ್ನದೆ ಏನೆನ್ನಬೇಕು? ಆದರೆ ಬೆಳೆಗೆಂದು ತಂದ ಸಾಲವನ್ನು ಲಗ್ನಕ್ಕೆ ಸುರಿಯುವುದು ಮಾತ್ರ ನುಡಿಗೂ ನಡೆಗೂ ತಪ್ಪಿದಂತೆ. ಬೀಜವನ್ನು ಉಂಡವನಿಗೆ ಸುಗ್ಗಿಯುಂಟೆ?

ಜಾಮೀನಿನ ಬಗೆಗೂ ಒಂದು ಮಾತು. ಸ್ನೇಹಕ್ಕೆಂದು ಸಹಿ ಮಾಡಿದ ಜಾಮೀನುದಾರನ ಹೊಣೆಯು 1872ರ ಕರಾರು ಕಾನೂನಿನಂತೆ ಸಾಲಗಾರನ ಹೊಣೆಯಷ್ಟೇ ಪೂರ್ಣವಾದದ್ದು. ತಾನೇ ತೀರಿಸಬಲ್ಲೆನೆಂಬ ಧೈರ್ಯವಿಲ್ಲದಲ್ಲಿ ಸಹಿ ಮಾಡಬಾರದು.

೬. ಈಗಾಗಲೇ ಬಿದ್ದವರಿಗೆ

ಈ ಪಾಠವನ್ನು ಓದುವವರಲ್ಲಿ ಈಗಾಗಲೇ ಸಾಲದಲ್ಲಿ ಮುಳುಗಿದವರೂ ಇರಬಹುದು. ಅವರಿಗೆ ಉಪದೇಶಕ್ಕಿಂತ ಆಸರೆ ಬೇಕು.

ಮೊದಲು ಎಲ್ಲ ಸಾಲಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ, ಎಷ್ಟು, ಯಾವ ಬಡ್ಡಿಗೆ. ಮನೆಯವರೆಲ್ಲರನ್ನೂ ಕೂಡಿಸಿಕೊಂಡು ಬರೆಯಿರಿ. ಬರೆದ ಸಾಲವು ಬರೆಯದ ಸಾಲದಷ್ಟು ಭಯಂಕರವಲ್ಲ. ಬಳಿಕ ಎಲ್ಲಕ್ಕಿಂತ ದುಬಾರಿಯಾದುದನ್ನು ಮೊದಲು ಕಡಿಯಿರಿ. ಅದು ಬಹುಶಃ ಕಾರ್ಡೇ ಆಗಿರುತ್ತದೆ. ಮನೆಯಲ್ಲಿರುವ ಬಂಗಾರವನ್ನು ಬ್ಯಾಂಕಿನಲ್ಲಿಟ್ಟು ಕಡಿಮೆ ಬಡ್ಡಿಯ ಸಾಲವನ್ನು ತಂದು ಕಾರ್ಡಿನ ಬಾಕಿಯನ್ನು ಒಮ್ಮೆಗೇ ತೀರಿಸುವುದು ಸಾಧುವಾದ ಉಪಾಯ. ಆದರೆ ಅದೇ ದಿನ ಕಾರ್ಡನ್ನೂ ಹಿಂದಿರುಗಿಸಬೇಕು. ಇಲ್ಲವಾದರೆ ಒಂದು ಹಗ್ಗದ ಜಾಗದಲ್ಲಿ ಎರಡು ಹಗ್ಗಗಳಾಗುವುವು. ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು, ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ ಎಂಬ ಚಕ್ರವನ್ನು ಎಲ್ಲಿದ್ದರೂ ಅಲ್ಲಿಗೆ ನಿಲ್ಲಿಸಿರಿ.

ಕಂತು ತಪ್ಪುವುದೆಂದು ತೋರಿದರೆ ಮುಚ್ಚಿಟ್ಟುಕೊಳ್ಳದೆ ಗಡುವಿಗೆ ಮುಂಚೆಯೇ ಬ್ಯಾಂಕಿಗೆ ಹೋಗಿ ಹೇಳಿರಿ. ಸರಕಾರವು ಬೆಳೆನಷ್ಟವನ್ನು ಘೋಷಿಸಿದ ವರ್ಷ ಬೆಳೆಸಾಲವನ್ನು ದೀರ್ಘ ಕಂತುಗಳ ಸಾಲವನ್ನಾಗಿ ಮಾರ್ಪಡಿಸಿಕೊಡುವ ಏರ್ಪಾಡುಂಟು. ವಸೂಲಿಯವರು ಬೆಳಗಿನ 8ಕ್ಕೆ ಮುಂಚೆಯೂ ಸಂಜೆಯ 7ರ ಮೇಲೆಯೂ ಸಾಲಗಾರನಿಗೆ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಕಿರುಸಾಲ ವಸೂಲಿಗಾರರ ಕಾಟವು ರಾಜ್ಯದಲ್ಲಿ ಮಿತಿಮೀರಿದಾಗ 2025ರ ಫೆಬ್ರುವರಿಯಲ್ಲಿ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿತು; ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಅದರಲ್ಲಿ ಗೊತ್ತುಪಡಿಸಿತು. ಮನೆಯ ಮುಂದೆ ನಿಂತು ಹೆಣ್ಣುಮಕ್ಕಳನ್ನು ಬೈಯುವ ಅಧಿಕಾರವು ಯಾವ ಸಾಲ ಕೊಟ್ಟವನಿಗೂ ಇಲ್ಲ. ಅಂತಹ ಸಂದರ್ಭದಲ್ಲಿ ಪೋಲೀಸ್ ಠಾಣೆಗೆ ಹೋಗಲು ನಾಚಬೇಕಾದುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕೊನೆಗೆ ಹೇಳಬೇಕಾಗಿದೆ. ಸಾಲಕ್ಕೆ ಅಂಜಿ ಪ್ರಾಣವನ್ನು ಕಳೆದುಕೊಂಡ ಒಕ್ಕಲಿಗರ ವಾರ್ತೆಗಳು ನಮ್ಮ ಭಾಗದಿಂದಲೂ ಬಂದಿವೆ. ಕಾಯವು ಶಿವನು ಕೊಟ್ಟದ್ದು, ಕಾಯಕಕ್ಕೆಂದು ಕೊಟ್ಟದ್ದು. ಅದನ್ನು ಕಾಗದದ ಮೇಲಿನ ಅಂಕಿಗೆ ಬಲಿಕೊಡುವ ಹಕ್ಕು ನಮಗಿಲ್ಲ. ಸಾಲವು ತೀರುವ ವಸ್ತು; ಪ್ರಾಣವು ಮರಳಿ ಬಾರದ ವಸ್ತು. ಅಂತಹ ಕತ್ತಲೆಯು ಕವಿದಾಗ ಮನೆಯವರಿಗೆ ಹೇಳಿರಿ, ನೆರೆಯವರಿಗೆ ಹೇಳಿರಿ, ಮಠದ ಬಾಗಿಲಿಗೆ ಬನ್ನಿರಿ. ಮಠದಲ್ಲಿ ಹಣವಿಲ್ಲದಿರಬಹುದು, ಜೊತೆಗೆ ಕುಳಿತು ಲೆಕ್ಕ ಬರೆಯುವವರೂ, ಬ್ಯಾಂಕಿನವರೆಗೆ ಜೊತೆಯಾಗಿ ನಡೆಯುವವರೂ ಇದ್ದಾರೆ.

೭. ಲಗ್ನ, ದಾಸೋಹ, ಮತ್ತು ಆ ಭಕ್ತರ ಪ್ರಶ್ನೆ

ಸಾಲ ಮಾಡಿ ಲಗ್ನ, ಸಾಲ ಮಾಡಿ ಜಾತ್ರೆಯ ಊಟ, ಸಾಲ ಮಾಡಿ ಗುರುಕಾಣಿಕೆ. ಇವು ಮೂರೂ ಶರಣರಿಗೆ ಒಪ್ಪಿಗೆಯಾದುವಲ್ಲ. ಸ್ವಂತ ಕಾಯಕದಿಂದ ಬಂದುದರಲ್ಲಿ ಮಾಡಿದ ಹಿಡಿಯಷ್ಟು ಅನ್ನವೇ ದಾಸೋಹ. ಪರರ ಹಣದಲ್ಲಿ ಬಡಿಸಿದ ಹೋಳಿಗೆಯು ಪರರ ದಾಸೋಹವಾಯಿತೇ ಹೊರತು ನಮ್ಮದಾಗಲಿಲ್ಲ. ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳಲ್ಲಿ ಮಗಳನ್ನು ಧಾರೆಯೆರೆಯಲು ಹಿಂದೆಗೆಯುವವರು ಒಂದನ್ನು ಯೋಚಿಸಬೇಕು. ಹಸೆಯಲ್ಲಿ ಕುಳಿತ ವಧೂವರರಿಗೆ ಆಶೀರ್ವಾದವು ಯಾವ ಚಪ್ಪರದಲ್ಲಿಯೂ ಒಂದೇ. ತಂದೆಯ ತಲೆಯ ಮೇಲಿನ ಭಾರ ಮಾತ್ರ ಬೇರೆ.

ಇನ್ನು ದೇವದುರ್ಗದ ಆ ಭಕ್ತರಿಗೆ ಏನು ಹೇಳಿದೆವು? ಟ್ರ್ಯಾಕ್ಟರನ್ನು ಈ ವರ್ಷ ಬಾಡಿಗೆಗೆ ತನ್ನಿರಿ, ಅದರ ಖರ್ಚನ್ನು ಬರೆದಿಡಿರಿ. ವರ್ಷದ ಕೊನೆಗೆ ಆ ಖರ್ಚು ಕಂತಿಗಿಂತ ಹೆಚ್ಚಾಗಿದ್ದರೆ ಮಾತ್ರ ಕೊಳ್ಳುವ ವಿಚಾರ ಮಾಡಿರಿ ಎಂದೆವು. ಲಗ್ನವನ್ನು ಕೈಯಲ್ಲಿರುವಷ್ಟರಲ್ಲಿ ಮಾಡಿರಿ ಎಂದೆವು. ಮಗನ ಕಾರ್ಡನ್ನು ಕುರಿತು, ಅದರ ಮೂರು ತಿಂಗಳ ಬಿಲ್ಲುಗಳನ್ನು ತಂದು ತಾಯಿಯ ಮುಂದೆ ಓದಿ ಹೇಳುವಂತೆ ಅವನಿಗೆ ತಿಳಿಸಿರಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳ ಮುಂದೆ ಓದಿದರೆ ಅವನು ಕಾರ್ಡನ್ನು ತಾನಾಗಿಯೇ ಬಿಟ್ಟಾನು” ಎಂದರು. ಲಕ್ಕಮ್ಮನವರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ನಾವು ಅವರಿಗೆ ಲೆಕ್ಕವನ್ನು ತೋರಿಸುತ್ತಿಲ್ಲ, ಅಷ್ಟೆ.

ಮನನಕ್ಕೆ

1. ನಮ್ಮ ಮನೆಯಲ್ಲಿ ಈ ದಿನ ಇರುವ ಸಾಲಗಳೆಷ್ಟು? ಅವು ಮನೆಯವರೆಲ್ಲರಿಗೂ ತಿಳಿದಿವೆಯೆ?

2. ಅವುಗಳಲ್ಲಿ ಕಾಯಕದ ಸಾಧನಕ್ಕೆ ಮಾಡಿದ್ದು ಯಾವುದು, ತೋರಿಕೆಗೆ ಮಾಡಿದ್ದು ಯಾವುದು?

3. ಪ್ರತಿಯೊಂದರ ಬಡ್ಡಿಯನ್ನೂ “ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ” ಎಂಬ ಹಿರಿಯರ ಮಾತಿನಲ್ಲಿ ಬರೆಯಿರಿ. ಮೂರನ್ನು ಮುಟ್ಟಿದ್ದು ಯಾವುದು?

4. ಇದೇ ವಾರ ಹಿಂದಿರುಗಿಸಬಹುದಾದ ಹೆಚ್ಚಿನ ಅಕ್ಕಿಯು ನಮ್ಮ ಮನೆಯಲ್ಲಿ ಏನಿದೆ?